ಆಕ್ಸಿಜನ್ ಸೆನ್ಸರ್: ಬದಲಿಸುವ ಮುಂಚೆ ಪರೀಕ್ಷಿಸುವುದು ಹೇಗೆ?

ಚೆಕ್ ಇಂಜಿನ್ ಲೈಟ್ ಹತ್ತಿದೆ. ಸ್ಕ್ಯಾನರ್ ಹಾಕಿ ನೋಡಿದರೆ ಆಕ್ಸಿಜನ್ ಸೆನ್ಸರಿನ ಹೆಸರಿರುವ ಕೋಡ್ ಬಂದಿದೆ. ಬಹಳಷ್ಟು ಮಂದಿ ಅಲ್ಲಿಗೇ ತೀರ್ಮಾನಕ್ಕೆ ಬಂದು ಹೊಸ ಸೆನ್ಸರ್ ತಂದು ಹಾಕಿಬಿಡುತ್ತಾರೆ. ಸ್ವಲ್ಪ ದಿನಕ್ಕೆ ಅದೇ ಲೈಟ್ ಮತ್ತೆ ಹತ್ತುತ್ತದೆ. ಕಾರಣ ಸರಳ: ಎಕ್ಸಾಸ್ಟ್ ಪೈಪಿನಲ್ಲಿ ಕೂತು ಹೊಗೆಯ ಆಮ್ಲಜನಕ ನೋಡುವ ಈ ಸೆನ್ಸರ್ ಕೆಲಸ ವರದಿ ಒಪ್ಪಿಸುವುದು. ಹೊಗೆಯಲ್ಲಿ ಆಮ್ಲಜನಕ ಜಾಸ್ತಿ ಇದೆ ಎಂದು ಅದು ಹೇಳುತ್ತಿದ್ದರೆ ನಿಜಕ್ಕೂ ಜಾಸ್ತಿ ಇರಬಹುದು. ಆಗ ವರದಿ ಸರಿಯೇ, ಕೆಟ್ಟಿರುವುದು ಬೇರೆಲ್ಲೋ. ಹಾಗಾಗಿ ಸೆನ್ಸರ್ ಸುಳ್ಳು ಹೇಳುತ್ತಿದೆಯೋ ನಿಜ ಹೇಳುತ್ತಿದೆಯೋ ಎಂಬುದನ್ನು ಮೊದಲು ಪತ್ತೆಮಾಡಬೇಕು. ಅದಕ್ಕೆ ಬೇಕಾಗುವುದು ಲೈವ್ ಡೇಟಾ ತೋರಿಸುವ ಒಂದು ಓಬಿಡಿ-2 ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷ ಓದುವ ಸಾಧನ), ಒಂದು ಡಿಜಿಟಲ್ ಮಲ್ಟಿಮೀಟರ್, ಸ್ವಲ್ಪ ತಾಳ್ಮೆ.

ಸೆನ್ಸರ್ ಹೇಗೆ ಕೆಲಸ ಮಾಡುತ್ತದೆ

ಸಾಮಾನ್ಯ ಸೆನ್ಸರಿನ ಒಳಗಿರುವುದು ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತು. ಅದರ ಒಂದು ಮೈಗೆ ಎಕ್ಸಾಸ್ಟ್ ಹೊಗೆ ತಾಗುತ್ತದೆ, ಇನ್ನೊಂದು ಮೈಗೆ ಹೊರಗಿನ ಗಾಳಿ. ಎರಡೂ ಕಡೆಯ ಆಮ್ಲಜನಕದ ಪ್ರಮಾಣದಲ್ಲಿ ವ್ಯತ್ಯಾಸವಿದ್ದರೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಗಾಳಿ–ಪೆಟ್ರೋಲಿನ ಮಿಕ್ಸ್ಚರ್ ರಿಚ್ ಆಗಿದ್ದರೆ, ಅಂದರೆ ಪೆಟ್ರೋಲ್ ಹೆಚ್ಚಾಗಿದ್ದರೆ, ಸುಮಾರು 0.9 ವೋಲ್ಟ್, ಲೀನ್ ಆಗಿದ್ದರೆ, ಅಂದರೆ ಪೆಟ್ರೋಲ್ ಕಡಿಮೆಯಾಗಿದ್ದರೆ, ಸುಮಾರು 0.1 ವೋಲ್ಟ್. ನಡುವಿನ ಗೆರೆ 0.45. ಒಂದು ಭಾಗ ಪೆಟ್ರೋಲಿಗೆ 14.7 ಭಾಗ ಗಾಳಿ ಸೇರಿದಾಗ ವೋಲ್ಟೇಜ್ ಈ ಗೆರೆಯನ್ನು ಕಡಿದಾಗಿ ದಾಟುತ್ತದೆ. ಸೆನ್ಸರ್ ಪೆಟ್ರೋಲ್ ‘ಹೆಚ್ಚು’ ಅಥವಾ ‘ಕಡಿಮೆ’ ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳಲಾರದು. ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಅದನ್ನು ಕೇಳಿ ಪೆಟ್ರೋಲನ್ನು ಒಂದಿಷ್ಟು ಏರಿಸುತ್ತದೆ, ಇಳಿಸುತ್ತದೆ. ಆದ್ದರಿಂದ ಆರೋಗ್ಯವಾಗಿರುವ ಮುಂದಿನ (ಇಂಜಿನ್ನಿಗೆ ಹತ್ತಿರದ) ಸೆನ್ಸರ್ ಯಾವತ್ತೂ ಒಂದೇ ವೋಲ್ಟೇಜಿನಲ್ಲಿ ನಿಲ್ಲುವುದಿಲ್ಲ, ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಹಾಕಿದರೆ 14.7 ಎಂಬ ಅಂಕಿ ಕೆಳಗಿಳಿಯುತ್ತದೆ, ಆದರೆ ಸೆನ್ಸರ್ ನೋಡುವುದು ಉಳಿದ ಆಮ್ಲಜನಕವನ್ನಾದ್ದರಿಂದ ಪರೀಕ್ಷೆಯ ಅಂಕಿಗಳು ಬದಲಾಗುವುದಿಲ್ಲ.

ಇನ್ನೊಂದು ಮಾತು ಮುಖ್ಯ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಈ ಸೆನ್ಸರ್ ಸರಿಯಾಗಿ ಮಾತಾಡುವುದೇ ಇಲ್ಲ. ಅದಕ್ಕೇ ಒಳಗೊಂದು ಹೀಟರ್ ಇಟ್ಟಿರುತ್ತಾರೆ. ಇಂಜಿನ್ ತಣ್ಣಗಿರುವಾಗ ಸೆನ್ಸರ್ ಪರೀಕ್ಷಿಸಿ ‘ಕೆಟ್ಟಿದೆ’ ಎನ್ನುವುದು ಅನ್ಯಾಯ.

ಕೋಡ್ ಓದುವುದು

ಮೊದಲು ಯಾವ ಸೆನ್ಸರ್ ಎಂದು ತಿಳಿಯಬೇಕು. ಹೊಗೆಯ ವಿಷಾಂಶ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂಚೆ ಇರುವುದು ಸೆನ್ಸರ್ 1 (ಮುಂದಿನದು), ನಂತರ ಇರುವುದು ಸೆನ್ಸರ್ 2 (ಹಿಂದಿನದು). ಬ್ಯಾಂಕ್ ಎಂದರೆ ಸಿಲಿಂಡರ್‌ಗಳ ಒಂದು ಸಾಲು. ಒಂದನೇ ಸಿಲಿಂಡರ್ ಇರುವ ಕಡೆ ಬ್ಯಾಂಕ್ 1. ಸಾಮಾನ್ಯ ನಾಲ್ಕು ಸಿಲಿಂಡರ್ ಸಾಲು ಇಂಜಿನ್‌ನಲ್ಲಿ ಒಂದೇ ಬ್ಯಾಂಕ್ ಇರುತ್ತದೆ. ವಿ-6, ವಿ-8 ಇಂಜಿನ್‌ಗಳಲ್ಲಿ ಎರಡು. ಅಲ್ಲಿ ಯಾವ ಕಡೆ ಬ್ಯಾಂಕ್ 1 ಎಂದು ಊಹಿಸಬೇಡಿ, ಆ ಮಾಡೆಲ್‌ನ ಮ್ಯಾನ್ಯುಯಲ್ ನೋಡಿ. ತಪ್ಪು ಕಡೆಯ ಸೆನ್ಸರ್ ಬಿಚ್ಚಿ ಪೇಚಾಡುವವರು ಕಡಿಮೆಯೇನಿಲ್ಲ.

ಪಿ0130ರಿಂದ ಪಿ0135ರವರೆಗೆ ಬ್ಯಾಂಕ್ 1ರ ಸೆನ್ಸರ್ 1ಕ್ಕೆ ಸೇರಿದ ಕೋಡ್‌ಗಳು. ಪಿ0131 ಎಂದರೆ ವೋಲ್ಟೇಜ್ ಕಡಿಮೆ, ಪಿ0132 ಹೆಚ್ಚು, ಪಿ0133 ನಿಧಾನ ಪ್ರತಿಕ್ರಿಯೆ, ಪಿ0134 ಚಟುವಟಿಕೆಯೇ ಇಲ್ಲ, ಪಿ0135 ಹೀಟರ್ ಸರ್ಕ್ಯೂಟ್ ದೋಷ. ಇದೇ ಕ್ರಮ ಪಿ0136ರಿಂದ ಪಿ0141ರವರೆಗೆ ಸೆನ್ಸರ್ 2ಕ್ಕೆ, ಪಿ0150ರಿಂದ ಪಿ0161ರವರೆಗೆ ಬ್ಯಾಂಕ್ 2ಕ್ಕೆ ಮುಂದುವರಿಯುತ್ತದೆ. ಇವುಗಳಲ್ಲಿ ಹೀಟರ್ ಕೋಡ್‌ಗಳು ಮತ್ತು ಪಿ0133 ಸೆನ್ಸರಿನ ಕಡೆಗೆ ಹೆಚ್ಚು ಬೊಟ್ಟುಮಾಡುತ್ತವೆ. ಪಿ0131, ಪಿ0132 ಬಂದರೆ ಸಂಶಯದಿಂದಲೇ ನೋಡಿ. ಪಿ0171 ಮತ್ತು ಪಿ0172, ಅಂದರೆ ಮಿಕ್ಸ್ಚರ್ ಲೀನ್ ಅಥವಾ ರಿಚ್ ಎನ್ನುವ ಕೋಡ್‌ಗಳು, ಸೆನ್ಸರ್ ಕೆಟ್ಟಿದೆ ಎಂದು ಹೇಳುವುದೇ ಇಲ್ಲ. ಪಿ0420 ಕೂಡ ಹಿಂದಿನ ಸೆನ್ಸರ್ ಬದಲಿಸಿ ಎನ್ನುವ ಆಜ್ಞೆಯಲ್ಲ. ಕನ್ವರ್ಟರ್ ಕೆಲಸ ಮಾಡುತ್ತಿಲ್ಲ ಎಂದು ಹಿಂದಿನ ಸೆನ್ಸರ್ ಕೊಟ್ಟಿರುವ ಸಾಕ್ಷಿ.

ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್ ಡೇಟಾ ಬರೆದಿಟ್ಟುಕೊಳ್ಳಿ: ದೋಷ ದಾಖಲಾದಾಗ ಇಂಜಿನ್ ಬಿಸಿ ಎಷ್ಟಿತ್ತು, ಆರ್‌ಪಿಎಂ ಎಷ್ಟು, ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಏರಿಸಿದೆ ಅಥವಾ ಇಳಿಸಿದೆ ಎಂಬ ಲೆಕ್ಕ) ಎಷ್ಟು. ಅಳಿಸಿದ ಮೇಲೆ ಇದು ಮತ್ತೆ ಸಿಗುವುದಿಲ್ಲ.

ಸೆನ್ಸರಿಗೆ ಕೈಹಾಕುವ ಮುಂಚೆ

ಸುಳ್ಳು ಲೀನ್ ತೋರಿಸುವ ಎರಡು ದೋಷಗಳು ಎಷ್ಟೋ ಒಳ್ಳೆಯ ಸೆನ್ಸರ್‌ಗಳನ್ನು ಕಸಕ್ಕೆ ಸೇರಿಸಿವೆ.

ಮೊದಲನೆಯದು ಎಕ್ಸಾಸ್ಟ್ ಲೀಕ್. ಹೊಗೆ ಹೊರಹೋಗುವುದು ಒಂದೇ ಸಮನೆ ಅಲ್ಲ, ಅಲೆ ಅಲೆಯಾಗಿ. ಎರಡು ಅಲೆಗಳ ನಡುವೆ ಪೈಪಿನ ಒಳಗೆ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಸೆನ್ಸರಿನ ಹತ್ತಿರ ಸಣ್ಣ ಬಿರುಕಿದ್ದರೂ ಆ ಕ್ಷಣದಲ್ಲಿ ಹೊರಗಿನ ಗಾಳಿ ಒಳನುಗ್ಗುತ್ತದೆ. ಸೆನ್ಸರ್ ಆ ಆಮ್ಲಜನಕವನ್ನು ಕಂಡು ‘ಲೀನ್’ ಎನ್ನುತ್ತದೆ. ಇಸಿಯು ನಂಬಿ ಪೆಟ್ರೋಲ್ ಸುರಿಯುತ್ತದೆ. ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿದ ತಕ್ಷಣ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ನಿಗೆ ಸೇರಿಕೊಂಡ ಹೊಗೆ ಕೊಳವೆ) ಬಳಿ ‘ಟಿಕ್ ಟಿಕ್’ ಸದ್ದು ಕೇಳಿಸಿಕೊಳ್ಳಿ. ಬಿಸಿಯಾದಂತೆ ಲೋಹ ಹಿಗ್ಗಿ ಸದ್ದು ನಿಂತುಹೋಗಬಹುದು. ಗ್ಯಾಸ್ಕೆಟ್ ಅಂಚಿನಲ್ಲಿ, ಫ್ಲ್ಯಾಂಜ್ ಬಳಿ ಕಪ್ಪು ಮಸಿಯ ಗೆರೆ ಇದ್ದರೆ ಅಲ್ಲೇ ಲೀಕ್. ಪೈಪ್ ಇನ್ನೂ ತಣ್ಣಗಿರುವಾಗ ಜಾಯಿಂಟ್‌ಗಳಿಗೆ ಸೋಪಿನ ನೀರು ಹಾಕಿದರೆ ಗುಳ್ಳೆ ಏಳುತ್ತದೆ.

ಎರಡನೆಯದು ಮಿಸ್‌ಫೈರ್. ಒಂದು ಸಿಲಿಂಡರಿನಲ್ಲಿ ಕಿಡಿ ಹಾರದಿದ್ದರೆ ಅಲ್ಲಿನ ಪೆಟ್ರೋಲೂ ಉರಿಯುವುದಿಲ್ಲ, ಗಾಳಿಯೂ ಬಳಕೆಯಾಗುವುದಿಲ್ಲ. ಎರಡೂ ಹಾಗೇ ಎಕ್ಸಾಸ್ಟಿಗೆ ಬರುತ್ತವೆ. ಸೆನ್ಸರಿಗೆ ಕಾಣುವುದು ಆಮ್ಲಜನಕ ಮಾತ್ರ. ಕಚ್ಚಾ ಪೆಟ್ರೋಲ್ ವಾಸನೆ ಬರುತ್ತಿರುವ ಇಂಜಿನ್ ಸ್ಕ್ಯಾನರಿನಲ್ಲಿ ‘ಲೀನ್’ ಎಂದು ತೋರಿಸುವುದು ಇದರಿಂದಲೇ. ಪಿ0300 ಸರಣಿಯ ಮಿಸ್‌ಫೈರ್ ಕೋಡ್ ಜೊತೆಗಿದ್ದರೆ ಮೊದಲು ಪ್ಲಗ್, ಕಾಯಿಲ್, ಇಂಜೆಕ್ಟರ್ ಸರಿಮಾಡಿ. ಸೆನ್ಸರ್ ವಿಚಾರ ಆಮೇಲೆ.

ಇವೆರಡನ್ನು ಬಿಟ್ಟರೆ ವ್ಯಾಕ್ಯೂಮ್ ಹೋಸ್ ಸೀಳು, ಕೊಳೆಯಾದ ಏರ್‌ಫ್ಲೋ ಸೆನ್ಸರ್ (ಇಂಜಿನ್ನಿಗೆ ಹೋಗುವ ಗಾಳಿ ಅಳೆಯುವುದು), ಕುಸಿದ ಫ್ಯೂಯಲ್ ಪ್ರೆಶರ್ ಇವೆಲ್ಲ ಲೀನ್ ತರುತ್ತವೆ. ಸೋರುವ ಇಂಜೆಕ್ಟರ್, ಮುಚ್ಚದ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇಂಜಿನ್ನಿಗೆ ಬಿಡುವುದು) ರಿಚ್ ತರುತ್ತವೆ. ಇವನ್ನು ಹುಡುಕಲು ಫ್ಯೂಯಲ್ ಟ್ರಿಮ್ ದಾರಿ ತೋರಿಸುತ್ತದೆ. ಶಾರ್ಟ್ ಟರ್ಮ್ (ಆ ಕ್ಷಣದ್ದು) ಮತ್ತು ಲಾಂಗ್ ಟರ್ಮ್ (ಇಸಿಯು ಕಲಿತಿಟ್ಟುಕೊಂಡದ್ದು) ಎರಡನ್ನೂ ಕೂಡಿಸಿ. ಮೊತ್ತ ಐದು ಶೇಕಡಾ ಆಚೀಚೆ ಇದ್ದರೆ ಚೆನ್ನಾಗಿದೆ. ಹತ್ತು ದಾಟಿದರೆ ಕಾರಣ ಹುಡುಕಬೇಕು. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ, ಹೆಚ್ಚಿದ್ದು 2500 ಆರ್‌ಪಿಎಂನಲ್ಲಿ ಸಹಜಕ್ಕೆ ಇಳಿದರೆ ವ್ಯಾಕ್ಯೂಮ್ ಲೀಕ್. ಲೋಡ್ ಹೆಚ್ಚಿದಂತೆ ಟ್ರಿಮ್ ಏರುತ್ತ ಹೋದರೆ ಫ್ಯೂಯಲ್ ಪ್ರೆಶರ್ ಅಥವಾ ಏರ್‌ಫ್ಲೋ ಸೆನ್ಸರ್ ಕಡೆ ನೋಡಿ.

ಇಲ್ಲಿ ಸ್ಪಾರ್ಕ್ ಪ್ಲಗ್ ಸ್ವತಂತ್ರ ಸಾಕ್ಷಿಯಾಗಿ ನಿಲ್ಲುತ್ತದೆ. ಸೆನ್ಸರ್ ‘ಲೀನ್’ ಎನ್ನುತ್ತಿದೆ, ಟ್ರಿಮ್ ಪ್ಲಸ್ 20ರ ಮೇಲಿದೆ, ಆದರೆ ಬಿಚ್ಚಿದ ಪ್ಲಗ್‌ಗಳೆಲ್ಲ ಮಸಿ ಹಿಡಿದು ಕಪ್ಪಾಗಿವೆ ಎಂದಾದರೆ ಸೆನ್ಸರಿನ ಮಾತಿಗೂ ಇಂಜಿನ್ನಿನ ಸ್ಥಿತಿಗೂ ತಾಳೆಯಿಲ್ಲ. ಎಕ್ಸಾಸ್ಟ್ ಲೀಕ್ ಮತ್ತು ಮಿಸ್‌ಫೈರ್ ಇಲ್ಲ ಎಂದು ಖಾತ್ರಿಯಾಗಿದ್ದರೆ ಆಗ ಸೆನ್ಸರನ್ನೋ ಅದರ ವೈರಿಂಗನ್ನೋ ಅನುಮಾನಿಸಬಹುದು.

ನಿರ್ಣಾಯಕ ಪರೀಕ್ಷೆ

ಇಂಜಿನ್ ಪೂರ್ತಿ ಬಿಸಿಯಾಗಲಿ. ಗಾಳಿಯಾಡುವ ಕಡೆ ನಿಲ್ಲಿಸಿ, ಮುಚ್ಚಿದ ಗ್ಯಾರೇಜಿನಲ್ಲಿ ಖಂಡಿತ ಬೇಡ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. 2500 ಆರ್‌ಪಿಎಂನಲ್ಲಿ ಎರಡು ನಿಮಿಷ ಹಿಡಿದು, ಅದೇ ವೇಗದಲ್ಲಿ ಸೆನ್ಸರ್ 1ರ ವೋಲ್ಟೇಜ್ ಗ್ರಾಫ್ ನೋಡಿ. ಒಳ್ಳೆಯ ಸೆನ್ಸರ್ 0.2ಕ್ಕಿಂತ ಕೆಳಗೂ 0.8ರ ಆಸುಪಾಸಿಗೂ ಮತ್ತೆ ಮತ್ತೆ ಹೋಗಿಬರುತ್ತದೆ. ಹತ್ತು ಸೆಕೆಂಡಿನಲ್ಲಿ 0.45ರ ಗೆರೆಯನ್ನು ಎಂಟು ಸಲವಾದರೂ ದಾಟಬೇಕು. 0.3 ಮತ್ತು 0.6ರ ನಡುವೆ ಸೋಮಾರಿಯಾಗಿ ತೇಲುತ್ತಿದ್ದರೆ ಮುದಿಯಾಗಿದೆ. ಅಗ್ಗದ ಸ್ಕ್ಯಾನರ್‌ಗಳು ಸೆಕೆಂಡಿಗೆ ಒಂದೆರಡು ಸಲ ಮಾತ್ರ ಅಂಕಿ ತರುವುದರಿಂದ ವೇಗದ ಸೆನ್ಸರೂ ನಿಧಾನವಾಗಿ ಕಾಣಬಹುದು. ಪರದೆಯಲ್ಲಿ ಬೇರೆ ಎಲ್ಲ ಅಂಕಿ ತೆಗೆದು ಅದೊಂದನ್ನೇ ಇಟ್ಟರೆ ಸ್ವಲ್ಪ ಸುಧಾರಿಸುತ್ತದೆ.

ಈಗ ಮಿಕ್ಸ್ಚರನ್ನು ಬೇಕೆಂದೇ ಕೆಡಿಸಿ ಸೆನ್ಸರ್ ಏನು ಹೇಳುತ್ತದೆ ನೋಡಬೇಕು. ಐಡಲ್‌ನಿಂದ ಆಕ್ಸಿಲರೇಟರ್ ಒಮ್ಮೆಲೇ ಒತ್ತಿ. ವೋಲ್ಟೇಜ್ ಥಟ್ಟನೆ 0.8ರ ಮೇಲೆ ಹಾರಬೇಕು. ನಂತರ 3000 ಆರ್‌ಪಿಎಂಗೆ ಏರಿಸಿ ಕಾಲು ಪೂರ್ತಿ ತೆಗೆಯಿರಿ. ಇಂಜೆಕ್ಟರ್‌ಗಳು ಒಂದು ಕ್ಷಣ ನಿಲ್ಲುತ್ತವೆ, ಎಕ್ಸಾಸ್ಟಿನಲ್ಲಿ ಬರೀ ಗಾಳಿ, ವೋಲ್ಟೇಜ್ 0.1ರ ಹತ್ತಿರ ಬೀಳಬೇಕು. ಕೆಲವು ಕಾರುಗಳು ನಿಂತಲ್ಲಿ ಹಾಗೆ ಪೆಟ್ರೋಲ್ ನಿಲ್ಲಿಸುವುದಿಲ್ಲ. ಆಗ ಜೊತೆಗಾರರೊಬ್ಬರು ಸ್ಕ್ಯಾನರ್ ಹಿಡಿದಿರಲಿ, ನೀವು ಗೇರಿನಲ್ಲಿಯೇ ಇಳಿಜಾರಿನಲ್ಲಿ ಕಾಲು ತೆಗೆದು ಓಡಿಸಿ. ವ್ಯಾಕ್ಯೂಮ್ ಹೋಸ್ ಎಳೆದು ಲೀನ್ ಮಾಡುವ ಹಳೆಯ ಉಪಾಯ ಏರ್‌ಫ್ಲೋ ಸೆನ್ಸರ್ ಇರುವ ಇಂಜಿನ್‌ಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಮ್ಯಾನಿಫೋಲ್ಡ್ ಪ್ರೆಶರ್ ಸೆನ್ಸರ್ ಮೇಲೆ ನಡೆಯುವ ಇಂಜಿನ್‌ಗಳಲ್ಲಿ ಐಡಲ್ ಏರುತ್ತದೆಯೇ ಹೊರತು ಮಿಕ್ಸ್ಚರ್ ಅಷ್ಟಾಗಿ ಲೀನ್ ಆಗುವುದಿಲ್ಲ, ಅದನ್ನು ನಂಬಿ ಮೋಸಹೋಗಬೇಡಿ.

ರಿಚ್ ಮಾಡಿದಾಗ ರಿಚ್, ಲೀನ್ ಮಾಡಿದಾಗ ಲೀನ್ ಎಂದು ಚುರುಕಾಗಿ ಹೇಳಿದ ಸೆನ್ಸರ್ ಚೆನ್ನಾಗಿಯೇ ಇದೆ. ಹೀಟರ್ ಕೋಡ್ ಒಂದನ್ನು ಬಿಟ್ಟು ಬೇರೆ ಕೋಡ್ ಏನೇ ಇರಲಿ, ಅದನ್ನು ಬದಲಿಸಬೇಡಿ. ಏನು ಮಾಡಿದರೂ 0.45ರಲ್ಲೇ ಕಲ್ಲಿನಂತೆ ಕೂತಿದ್ದರೆ ತಂತಿ ಕಡಿದಿರಬಹುದು, ಸೆನ್ಸರ್ ತಣ್ಣಗಿರಬಹುದು ಅಥವಾ ಸತ್ತಿರಬಹುದು. ಅನೇಕ ಇಸಿಯುಗಳು ತಾವೇ ಆ ತಂತಿಗೆ 0.45 ವೋಲ್ಟ್ ಕೊಟ್ಟಿರುತ್ತವೆ, ನೀವು ನೋಡುತ್ತಿರುವುದು ಅದನ್ನೇ.

ಸೆನ್ಸರ್ 2ರ ಲೆಕ್ಕ ಬೇರೆ. ಕನ್ವರ್ಟರ್ ಚೆನ್ನಾಗಿದ್ದರೆ ಅದು 0.6–0.7 ವೋಲ್ಟಿನ ಸುತ್ತ ಶಾಂತವಾಗಿರಬೇಕು. ಅದು ಆಡುತ್ತಿಲ್ಲ ಎಂದು ಬದಲಿಸುವುದು ತಪ್ಪು. ಮುಂದಿನದರ ಹಾಗೆ ಕುಣಿಯುತ್ತಿದ್ದರೆ ಅನುಮಾನಿಸಬೇಕಾದ್ದು ಕನ್ವರ್ಟರನ್ನು.

ಹೀಟರ್ ಸರ್ಕ್ಯೂಟ್

ಹೀಟರ್ ಕೋಡ್ ಬಂದಿದ್ದರೆ ಕೆಲಸ ಸುಲಭ, ಏಕೆಂದರೆ ಮೀಟರ್ ನೇರ ಉತ್ತರ ಕೊಡುತ್ತದೆ. ಮೊದಲು ಫ್ಯೂಸ್. ಕರಗಿದ ಸೆನ್ಸರ್ ತಂತಿ ಪೈಪಿಗೆ ತಾಗಿ ಶಾರ್ಟ್ ಆಗಿ ಫ್ಯೂಸ್ ಹೋಗುವುದು ತೀರಾ ಸಾಮಾನ್ಯ. ಹೊಸ ಫ್ಯೂಸ್ ಹಾಕುವ ಮೊದಲು ತಂತಿಯ ಇಡೀ ದಾರಿಯನ್ನು ಕಣ್ಣಾರೆ ನೋಡಿ.

ನಾಲ್ಕು ತಂತಿಯ ಸೆನ್ಸರಿನಲ್ಲಿ ಒಂದೇ ಬಣ್ಣದ ಎರಡು ತಂತಿಗಳು ಹೀಟರಿನವು. ಬಾಷ್ ಮಾದರಿಯಲ್ಲಿ ಸಾಮಾನ್ಯವಾಗಿ ಎರಡು ಬಿಳಿ ಹೀಟರ್, ಕಪ್ಪು ಸಿಗ್ನಲ್, ಬೂದು ಸಿಗ್ನಲ್ ಅರ್ಥ್. ಡೆನ್ಸೋ ಮಾದರಿಯಲ್ಲಿ ಎರಡು ಕಪ್ಪು ಹೀಟರ್, ನೀಲಿ ಸಿಗ್ನಲ್, ಬಿಳಿ ಅರ್ಥ್. ಇದು ಸೆನ್ಸರ್ ಕಡೆಯ ತಂತಿಗಳ ಮಾತು. ಕನೆಕ್ಟರಿನ ಆಚೆ, ಗಾಡಿಯ ಕಡೆ ಬಣ್ಣ ಬೇರೆ ಇರುತ್ತದೆ.

ಕೀ ಆಫ್ ಮಾಡಿ, ಕನೆಕ್ಟರ್ ಬಿಚ್ಚಿ, ಸೆನ್ಸರ್ ತಣ್ಣಗಿರುವಾಗ ಹೀಟರಿನ ಎರಡು ಪಿನ್‌ಗಳ ನಡುವೆ ಓಮ್ ಅಳೆಯಿರಿ. ಬಹುತೇಕ ಸೆನ್ಸರ್‌ಗಳಲ್ಲಿ 2ರಿಂದ 20 ಓಮ್ ಒಳಗೆ ಬರುತ್ತದೆ. ನಿಖರ ಅಂಕಿ ಮ್ಯಾನ್ಯುಯಲ್‌ನಲ್ಲಿದೆ. ಓಪನ್ (ಸಂಪರ್ಕವೇ ಇಲ್ಲ) ಎಂದು ತೋರಿಸಿದರೆ ಹೀಟರ್ ಸುಟ್ಟಿದೆ, ಸೆನ್ಸರ್ ಬದಲಿಸಲೇಬೇಕು. ಹೀಟರ್ ಪಿನ್ ಮತ್ತು ಸೆನ್ಸರಿನ ಲೋಹದ ಮೈ ನಡುವೆ ಯಾವ ಸಂಪರ್ಕವೂ ಇರಬಾರದು. ಹೀಟರ್ ಸರಿಯಿದ್ದರೆ ಗಾಡಿಯ ಕಡೆಯ ಕನೆಕ್ಟರ್ ನೋಡಿ: ಇಂಜಿನ್ ಓಡುತ್ತಿರುವಾಗ ಒಂದು ಪಿನ್ನಿನಲ್ಲಿ ಬ್ಯಾಟರಿ ವೋಲ್ಟೇಜ್ ಬರಬೇಕು. ಬರೀ ಮೀಟರಿನ ಅಂಕಿ ನೆಚ್ಚಬೇಡಿ. ಒಂದೇ ಒಂದು ಎಳೆ ಉಳಿದ ತಂತಿಯೂ ಮೀಟರಿಗೆ 12 ವೋಲ್ಟ್ ತೋರಿಸುತ್ತದೆ, ಹೀಟರಿಗೆ ಬೇಕಾದ ಕರೆಂಟ್ ಮಾತ್ರ ಹರಿಯದು. 5 ವ್ಯಾಟಿನ ಟೆಸ್ಟ್ ಲ್ಯಾಂಪನ್ನು ಆ ಪಿನ್ ಮತ್ತು ಬ್ಯಾಟರಿ ನೆಗೆಟಿವ್ ನಡುವೆ ಹಿಡಿಯಿರಿ, ಝಗ್ಗನೆ ಹತ್ತಬೇಕು. ಹೀಟರಿನ ಇನ್ನೊಂದು ತಂತಿಯನ್ನು ಇಸಿಯು ಅರ್ಥ್ ಮಾಡುತ್ತದೆ, ಅದೂ ಬಿಟ್ಟು ಬಿಟ್ಟು. ಲ್ಯಾಂಪನ್ನು ಬ್ಯಾಟರಿ ಪಾಸಿಟಿವ್ ಮತ್ತು ಆ ತಂತಿಯ ನಡುವೆ ಹಿಡಿದರೆ ಮಿನುಗುವುದು ಕಾಣುತ್ತದೆ.

ಸಿಗ್ನಲ್ ತಂತಿಗೆ ಮಾತ್ರ ಲ್ಯಾಂಪ್ ಮುಟ್ಟಿಸಬೇಡಿ, ಓಮ್ ರೇಂಜಿನಲ್ಲಿ ಮೀಟರ್ ಕೂಡ ಇಡಬೇಡಿ. ಅಲ್ಲಿ ವೋಲ್ಟೇಜ್ ಮಾತ್ರ ಅಳೆಯಬೇಕು, ಅದೂ 10 ಮೆಗಾ ಓಮ್ ಇನ್‌ಪುಟ್ ಇರುವ ಡಿಜಿಟಲ್ ಮೀಟರಿನಿಂದ, ಕನೆಕ್ಟರ್ ಹಾಕಿರುವಾಗಲೇ ಹಿಂದಿನಿಂದ ಸೂಜಿ ತೂರಿಸಿ.

ಐದು ತಂತಿಯ ವೈಡ್‌ಬ್ಯಾಂಡ್ ಸೆನ್ಸರ್ ಆಗಿದ್ದರೆ

ಈಚಿನ ಅನೇಕ ಕಾರುಗಳಲ್ಲಿ ಮುಂದಿನ ಸೆನ್ಸರ್ ವೈಡ್‌ಬ್ಯಾಂಡ್, ಅಂದರೆ ಏರ್–ಫ್ಯೂಯಲ್ ಸೆನ್ಸರ್. ಮಿಕ್ಸ್ಚರ್ ಎಷ್ಟು ರಿಚ್, ಎಷ್ಟು ಲೀನ್ ಎಂಬುದನ್ನು ಅದು ಅಳೆದು ಹೇಳುತ್ತದೆ. ಮೇಲಿನ 0.1–0.9 ವೋಲ್ಟ್ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಸ್ಕ್ಯಾನರಿನಲ್ಲಿ ಲ್ಯಾಂಬ್ಡಾ ಅಂಕಿ ನೋಡಿ (1 ಎಂದರೆ ಸಮತೋಲ, ಕೆಳಗಿದ್ದರೆ ರಿಚ್, ಮೇಲಿದ್ದರೆ ಲೀನ್): ಬಿಸಿ ಇಂಜಿನ್ ಐಡಲ್‌ನಲ್ಲಿ 1.00ರ ಸುತ್ತ, ಥಟ್ಟನೆ ಒತ್ತಿದಾಗ 1ಕ್ಕಿಂತ ಕೆಳಗೆ, ಕಾಲು ತೆಗೆದಾಗ ಬಹಳ ಮೇಲೆ. ಟೊಯೊಟಾ ಕಾರುಗಳಲ್ಲಿ ಹೆಚ್ಚಾಗಿ ಕಾಣುವ ಡೆನ್ಸೋ ನಾಲ್ಕು ತಂತಿಯ ಏರ್–ಫ್ಯೂಯಲ್ ಸೆನ್ಸರಿನಲ್ಲಿ 3.3 ವೋಲ್ಟ್ ಸಮತೋಲದ ಅಂಕಿ, ಅಲ್ಲಿ ವೋಲ್ಟೇಜ್ ಏರಿದರೆ ಲೀನ್. ತಂತಿ ನಾಲ್ಕೇ ಇದೆ ಎಂದು ಸಾಮಾನ್ಯ ಸೆನ್ಸರ್ ಎಂದುಕೊಳ್ಳಬೇಡಿ. ಬಾಷ್ ವೈಡ್‌ಬ್ಯಾಂಡಿನ ಕನೆಕ್ಟರ್ ಒಳಗೆ ಆ ಸೆನ್ಸರಿಗೇ ಹೊಂದಿಸಿದ ರೆಸಿಸ್ಟರ್ ಇರುತ್ತದೆ. ಕನೆಕ್ಟರ್ ಕತ್ತರಿಸಿ ಹಳೆಯದಕ್ಕೆ ಜೋಡಿಸಿದರೆ ಅಳತೆಯೇ ತಪ್ಪುತ್ತದೆ.

ಬಿಚ್ಚುವುದು

ಹಿಂದಿನ ರಾತ್ರಿಯೇ ಥ್ರೆಡ್ ಬುಡಕ್ಕೆ ಪೆನೆಟ್ರೇಟಿಂಗ್ ಆಯಿಲ್ ಬಿಡಿ. ಮರುದಿನ ಇಂಜಿನನ್ನು ಎರಡು ಮೂರು ನಿಮಿಷ ಓಡಿಸಿ ನಿಲ್ಲಿಸಿ; ಲೋಹ ಬೆಚ್ಚಗಾದರೆ ಹಿಡಿತ ಸಡಿಲುತ್ತದೆ. ಪೂರ್ತಿ ಕಾದ ಎಕ್ಸಾಸ್ಟ್ ಮೇಲೆ ಕೈಯಾಡಿಸಬೇಡಿ, ದಪ್ಪ ಗ್ಲೌಸ್ ಇರಲಿ. ಗಾಡಿ ಎತ್ತಬೇಕಿದ್ದರೆ ಜಾಕ್ ಸ್ಟ್ಯಾಂಡ್ ಕೊಡದೆ ಕೆಳಗೆ ಹೋಗಬೇಡಿ.

ಮೊದಲು ಕನೆಕ್ಟರ್ ಮತ್ತು ತಂತಿಯ ಕ್ಲಿಪ್‌ಗಳನ್ನು ಬಿಡಿಸಿ. ಸಾಮಾನ್ಯವಾಗಿ ಬೇಕಾಗುವುದು 22 ಮಿ.ಮೀ. ಅಳತೆ. ತಂತಿ ಹೊರಬರಲು ಪಕ್ಕದಲ್ಲಿ ಸೀಳಿರುವ ಆಕ್ಸಿಜನ್ ಸೆನ್ಸರ್ ಸಾಕೆಟ್ ಸಿಗುತ್ತದೆ, ಆದರೆ ತುಕ್ಕು ಹಿಡಿದ ಸೆನ್ಸರಿಗೆ ಬಲ ಹಾಕಿದಾಗ ಆ ಸೀಳು ಅಗಲವಾಗಿ ಮೂಲೆಗಳು ಸವೆದುಹೋಗುತ್ತವೆ. ಸೆನ್ಸರ್ ಹೇಗೂ ಕಸಕ್ಕೆ ಎಂದು ಖಚಿತವಾಗಿದ್ದರೆ ತಂತಿ ಕತ್ತರಿಸಿ, ಆರು ಮೂಲೆಯ ಪೂರ್ತಿ ರಿಂಗ್ ಸ್ಪ್ಯಾನರ್ ಹಾಕುವುದೇ ಒಳ್ಳೆಯದು. ಅಲ್ಲಾಡಿದ ಮೇಲೆ ಒಂದೇ ದಿಕ್ಕಿಗೆ ಎಳೆಯುತ್ತಾ ಹೋಗಬೇಡಿ. ಕಾಲು ಸುತ್ತು ಬಿಚ್ಚಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ, ಆಯಿಲ್ ಬಿಟ್ಟು ಮತ್ತೆ ಬಿಚ್ಚಿ. ಥ್ರೆಡ್ ಕಿತ್ತುಬಂದರೆ 18 ಮಿ.ಮೀ. ವ್ಯಾಸ, 1.5 ಪಿಚ್ಚಿನ ಥ್ರೆಡ್ ಚೇಸರ್ ಓಡಿಸಿ. ಚೇಸರಿಗೆ ಗ್ರೀಸ್ ಮೆತ್ತಿದರೆ ಲೋಹದ ಪುಡಿ ಒಳಗೆ ಬೀಳುವುದಿಲ್ಲ.

ಬಿಚ್ಚಿದ ಸೆನ್ಸರಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಎಸೆಯುವ ಮುಂಚೆ. ಒಣ ಕಪ್ಪು ಮಸಿ ಎಂದರೆ ಇಂಜಿನ್ ರಿಚ್ ಓಡುತ್ತಿತ್ತು. ಕಂದು–ಬೂದು ಗಟ್ಟಿ ಪದರ ಎಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ನುಣ್ಣನೆ ಬಿಳಿ ಪುಡಿ ಎಂದರೆ ಸಿಲಿಕಾನ್: ಸೆನ್ಸರಿಗೆ ಒಗ್ಗದ ಸಿಲಿಕೋನ್ ಸೀಲಂಟ್ ಬಳಸಿರಬಹುದು. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲಂಟ್ ಒಳಸೇರುತ್ತಿದ್ದರೂ ಬಿಳಿಚು ಪದರ ಕೂರುತ್ತದೆ. ಮೂಲ ಕಾರಣ ಸರಿಮಾಡದೆ ಹೊಸದನ್ನು ಹಾಕಿದರೆ ಅದಕ್ಕೂ ಅದೇ ಗತಿ. ಮಸಿ ಮಾತ್ರ ಇದ್ದರೆ ಒಂದು ಆಶೆ ಇದೆ: ರಿಚ್ ಆಗಲು ಕಾರಣವಾದದ್ದನ್ನು ಸರಿಪಡಿಸಿ ಚೆನ್ನಾಗಿ ಬಿಸಿಯಾಗಿ ಓಡಿಸಿದರೆ ಅದು ತಾನೇ ಸುಟ್ಟು ಸ್ವಚ್ಛವಾಗಬಹುದು. ಪೆಟ್ರೋಲಿನಲ್ಲಿ ನೆನೆಸುವುದು, ವೈರ್ ಬ್ರಷ್ ಉಜ್ಜುವುದು, ಟಾರ್ಚ್ ಹಿಡಿದು ಕಾಯಿಸುವುದು ರಿಪೇರಿಯಲ್ಲ. ಪಿಂಗಾಣಿ ಬಿರುಕು ಬಿಡುತ್ತದೆ.

ಹೊಸದನ್ನು ಕೂರಿಸುವುದು

ಪಾರ್ಟ್ ನಂಬರ್, ತಂತಿಯ ಉದ್ದ, ಕನೆಕ್ಟರ್ ಆಕಾರ ಮೂರೂ ಹೊಂದಬೇಕು. ಮುಂದಿನದನ್ನು ಹಿಂದೆ ಹಾಕಿ ನೋಡೋಣ ಎನ್ನುವ ಪ್ರಯೋಗ ಬೇಡ. ಹೊಸ ಸೆನ್ಸರ್ ನೆಲಕ್ಕೆ ಬಿದ್ದರೆ ಬಳಸಬೇಡಿ, ಬಿರುಕು ಹೊರಗೆ ಕಾಣುವುದಿಲ್ಲ. ಹೆಚ್ಚಿನವು ಥ್ರೆಡ್ಡಿಗೆ ಆಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಹಚ್ಚಿಕೊಂಡೇ ಬರುತ್ತವೆ. ಇಲ್ಲದಿದ್ದರೆ ಸೆನ್ಸರಿಗೆ ಒಗ್ಗುವ ಆಂಟಿ-ಸೀಜ್ ತೆಳ್ಳಗೆ ಥ್ರೆಡ್ಡಿಗೆ ಮಾತ್ರ ಹಚ್ಚಿ. ತುದಿಯ ರಂಧ್ರಗಳಿಗೆ ಒಂದು ತೊಟ್ಟೂ ತಾಗಬಾರದು.

ಕೈಯಿಂದಲೇ ಪೂರ್ತಿ ತಿರುಗಿಸಿ ಕೂರಿಸಿ. ಎರಡನೇ ಸುತ್ತಿನಲ್ಲೇ ಬಿಗಿಯಾದರೆ ಥ್ರೆಡ್ ಅಡ್ಡ ಹೋಗಿದೆ, ಬಿಚ್ಚಿ ಮತ್ತೆ ಹಿಡಿಯಿರಿ. ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲಿ, 18 ಮಿ.ಮೀ. ಥ್ರೆಡ್ಡಿಗೆ ಸಾಮಾನ್ಯವಾಗಿ 40ರಿಂದ 50 ನ್ಯೂಟನ್ ಮೀಟರ್, ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಸರಿ. ತಂತಿ ತಿರುಚಿಕೊಳ್ಳಬಾರದು, ಹಳೆಯ ಕ್ಲಿಪ್‌ಗಳಿಗೇ ಸಿಕ್ಕಿಸಿ ಪೈಪಿನಿಂದ ದೂರವಿಡಿ.

ಬಹಳ ಸೆನ್ಸರ್‌ಗಳು ಹೊರಗಿನ ಗಾಳಿಯನ್ನು ತಂತಿಯ ಎಳೆಗಳ ನಡುವಿನ ಸಂದಿಯಿಂದಲೇ ಎಳೆದುಕೊಳ್ಳುತ್ತವೆ. ಹಾಗಾಗಿ ತಂತಿಯನ್ನು ಸೋಲ್ಡರ್ ಮಾಡಿ ಬೆಸೆಯಬೇಡಿ: ಕರಗಿದ ಸೋಲ್ಡರ್ ಎಳೆಗಳೊಳಗೆ ಹರಿದು ಉಸಿರುದಾರಿ ಮುಚ್ಚುತ್ತದೆ. ಯೂನಿವರ್ಸಲ್ ಸೆನ್ಸರ್ (ಹಳೆಯ ಕನೆಕ್ಟರಿಗೆ ತಂತಿ ಸೇರಿಸಿ ಹಾಕುವಂಥದ್ದು) ಜೋಡಿಸುವಾಗ ಜೊತೆಗೆ ಬಂದ ಕ್ರಿಂಪ್ ಕನೆಕ್ಟರನ್ನೇ ಬಳಸಿ. ಕನೆಕ್ಟರಿಗೆ ಗ್ರೀಸ್ ತುಂಬುವುದೂ ಅದೇ ಕಾರಣಕ್ಕೆ ಬೇಡ. ಇನ್ನು ಲೈಟ್ ಆರಿಸಲೆಂದೇ ಮಾರುವ ಸಿಮ್ಯುಲೇಟರ್, ಸ್ಪೇಸರ್‌ಗಳು ಸೆನ್ಸರಿನ ಬಾಯಿ ಮುಚ್ಚಿಸುತ್ತವೆ ಅಷ್ಟೆ. ದೋಷ ಬೆಳೆಯುತ್ತಲೇ ಹೋಗುತ್ತದೆ, ರಿಚ್ ಮಿಕ್ಸ್ಚರ್ ಕನ್ವರ್ಟರನ್ನು ಒಳಗಿನಿಂದ ಕರಗಿಸುತ್ತದೆ. ಅವನ್ನು ಹಾಕಬೇಡಿ.

ಹಾಕಿದ ಮೇಲೆ

ಕೋಡ್ ಅಳಿಸಿ, ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್ ರೀಸೆಟ್ ಇದ್ದರೆ ಅದನ್ನೂ ಮಾಡಿ. ಹಳೆಯ ಸೆನ್ಸರಿನ ತಪ್ಪು ಪಾಠವನ್ನು ಇಸಿಯು ಇನ್ನೂ ನೆನಪಿಟ್ಟಿರುತ್ತದೆ. ಬಿಸಿ ಇಂಜಿನ್ನಿನಲ್ಲಿ ಮೇಲಿನ ಒತ್ತಿ–ಬಿಡುವ ಪರೀಕ್ಷೆಯನ್ನೇ ಮತ್ತೊಮ್ಮೆ ಮಾಡಿ, ಸೆನ್ಸರಿನ ಬುಡದಲ್ಲಿ ಲೀಕ್ ಇಲ್ಲವೆಂದು ಕೇಳಿಸಿಕೊಳ್ಳಿ. ಆಮೇಲೆ ಪೂರ್ತಿ ತಣ್ಣಗಾದ ಇಂಜಿನ್ನಿನಿಂದ ಆರಂಭಿಸಿ, ನಗರದ ಓಡಾಟವೂ ಹೆದ್ದಾರಿಯ ಸ್ಥಿರ ವೇಗವೂ ಸೇರುವಂತೆ ಕೆಲವು ದಿನ ಓಡಿಸಿ, ಸ್ಕ್ಯಾನರಿನಲ್ಲಿ ರೆಡಿನೆಸ್ ಮಾನಿಟರ್‌ಗಳನ್ನು (ಇಸಿಯು ತಾನೇ ನಡೆಸುವ ಪರೀಕ್ಷೆಗಳು ಮುಗಿದಿವೆಯೇ ಎಂದು ಹೇಳುವ ಪಟ್ಟಿ) ನೋಡಿ. ಆಕ್ಸಿಜನ್ ಸೆನ್ಸರ್ ಮತ್ತು ಅದರ ಹೀಟರ್ ಎರಡೂ ‘ಪೂರ್ಣ’ ಎಂದು ತೋರಿಸಿ, ಪೆಂಡಿಂಗ್ ಕೋಡ್ (ಇನ್ನೂ ಲೈಟ್ ಹತ್ತಿಸದ ದೋಷದ ಕೋಡ್) ಇಲ್ಲದೆ, ಟ್ರಿಮ್ ಐದು ಶೇಕಡಾದೊಳಗೆ ನಿಂತಿದ್ದರೆ ಕೆಲಸ ಮುಗಿಯಿತು. ಅದರ ನಂತರ ಪಿ0420 ಹೊಸದಾಗಿ ಕಾಣಿಸಿಕೊಂಡರೆ ಹೊಸ ಸೆನ್ಸರನ್ನು ದೂರಬೇಡಿ. ಬಹಳ ಕಾಲ ರಿಚ್ ಓಡಿದ ಇಂಜಿನ್ ಕನ್ವರ್ಟರನ್ನು ಮೊದಲೇ ಕೆಡಿಸಿರುತ್ತದೆ. ಸೆನ್ಸರ್ 2ರ ಗ್ರಾಫ್ ತೆಗೆದು ಅದು ಮುಂದಿನದರ ಹಾಗೆ ಕುಣಿಯುತ್ತಿದೆಯೇ ಎಂದು ನೋಡಿ, ಕನ್ವರ್ಟರಿನ ತಪಾಸಣೆ ಅಲ್ಲಿಂದ ಶುರುವಾಗುತ್ತದೆ.